ಸನಪೀ ಸರೋವರದ ದಡದ ಮನೆ

ಅಬ್ರಹಾಂ ಲಿಂಕನ್ನನ ಹೆಸರು ಕೇಳದ ಕನ್ನಡಿಗರು ವಿರಳ. ಮರದ ದಿಮ್ಮಿಯ ಗುಡಿಸಲಿನಲ್ಲಿ ಹುಟ್ಟಿದುದು, ಒಲೆಯ ಬೆಳಕಿನಲ್ಲಿ ಓದಿದುದು, ಗುಲಾಮರ ಬಂಧವಿಮೋಚನೆ, ಕೊನೆಗೆ ನಾಟಕಶಾಲೆಯಲ್ಲಿ ಬಿದ್ದ ಗುಂಡು, ಇವಿಷ್ಟೂ ಪಾಠದ ಪುಸ್ತಕಗಳ ಮೂಲಕ ನಮ್ಮ ಮನೆಮಾತಾಗಿವೆ. ಆದರೆ ಆತನು ಅಧ್ಯಕ್ಷನಾಗಿದ್ದ ನಾಲ್ಕು ವರ್ಷಗಳಲ್ಲಿ, ಆತನಿಗೆ ಬಂದ ಕಾಗದಗಳನ್ನು ಒಡೆದು ಓದಿ, ಉತ್ತರಗಳಿಗೆ ಕರಡು ಹಾಕಿ, ಎಷ್ಟೋ ಸಲ ಆತನ ಹೆಸರಿನಲ್ಲೇ ಬರೆದು ಕಳಿಸಿ, ರಾತ್ರಿ ಅದೇ ಶ್ವೇತಭವನದ ಇನ್ನೊಂದು ಕೊಠಡಿಯಲ್ಲಿ ಮಲಗುತ್ತಿದ್ದ ತರುಣನೊಬ್ಬನಿದ್ದನು. ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ಅವನ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದೀತು?

ಅವನು ಜಾನ್ ಹೇ. ಕನ್ನಡದಲ್ಲಿ ಈ ಹೆಸರನ್ನು ಬಳಸುವವನ ಪಾಡು ಸುಲಭವಲ್ಲ. ಚತುರ್ಥೀ ವಿಭಕ್ತಿ ಹಚ್ಚಿದರೆ ಪ್ರಶ್ನೆಯಾಗುತ್ತದೆ, ಷಷ್ಠಿ ಹಚ್ಚಿದರೆ ಬೈಗುಳವಾಗುತ್ತದೆ. ಆದುದರಿಂದ ಓದುಗರ ಅಪ್ಪಣೆ ಪಡೆದು ಆತನನ್ನು ಜಾನನೆಂದೇ ಕರೆಯುತ್ತೇನೆ.

ನಾನು ಮೂವತ್ತು ವರ್ಷ ಕಚೇರಿಯಲ್ಲಿ ಮೇಲಧಿಕಾರಿಗಳ ಪರವಾಗಿ ಪತ್ರಗಳ ಕರಡು ಬರೆದವನು. ಬರೆದದ್ದು ನಾನು, ರುಜು ಅವರದು. ಹೊಗಳಿಕೆ ಬಂದರೆ ಅವರಿಗೆ, ತಪ್ಪು ಹೊರಟರೆ ನನಗೆ. ಈ ವೃತ್ತಿಯವರಿಗೆ ತಮ್ಮ ಕುಲದವನೊಬ್ಬನು ಚರಿತ್ರೆಯಲ್ಲಿ ಸಿಕ್ಕರೆ ಆಗುವ ಸಂತೋಷವೇ ಬೇರೆ. ಬಾಸ್ಟನ್ನಿನ ಬಳಿ ನೆಲಸಿರುವ ನನ್ನ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರ ಕಪಾಟಿನಲ್ಲಿ ಜಾನನ ಜೀವನಚರಿತ್ರೆಯೊಂದು ಕಣ್ಣಿಗೆ ಬಿತ್ತು. ಎರಡು ದಿನ ಅದನ್ನು ಕೆಳಗಿಡಲಿಲ್ಲ. ಮೂರನೆಯ ದಿನ ಮಗಳು, “ಅಪ್ಪಾ, ಅವನು ತೀರಿಕೊಂಡ ಮನೆ ಇಲ್ಲಿಂದ ಎರಡು ಗಂಟೆಯ ದಾರಿ. ನೋಡಿಬರೋಣವೇ?” ಎಂದಳು. ಜೂನ್ ತಿಂಗಳ ಕೊನೆಯ ವಾರ. ಆ ವಾರಕ್ಕೂ ಆ ಮನೆಗೂ ಇರುವ ಸಂಬಂಧ ಅವಳಿಗೆ ಗೊತ್ತಿರಲಿಲ್ಲ; ನನಗೆ ಗೊತ್ತಿತ್ತು.

ಬಾಸ್ಟನ್ನಿನಿಂದ ವಾಯವ್ಯಕ್ಕೆ ಹೋದರೆ ಮ್ಯಾಸಚೂಸೆಟ್ಸ್ ದಾಟಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನ ಬರುತ್ತದೆ. ನೆಲ ಬರಬರುತ್ತ ಏರುತ್ತದೆ, ಊರುಗಳು ಚಿಕ್ಕವಾಗುತ್ತವೆ, ಕಾಡು ದಟ್ಟವಾಗುತ್ತದೆ. ಸನಪೀ ಸರೋವರ ಆ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಸಮುದ್ರಮಟ್ಟದಿಂದ ಸಾವಿರ ಅಡಿಗೂ ಸ್ವಲ್ಪ ಮೇಲೆ, ತೆಂಕುಬಡಗಲಾಗಿ ಸುಮಾರು ಎಂಟು ಮೈಲಿ ಉದ್ದಕ್ಕೆ ಮಲಗಿದೆ. ದಕ್ಷಿಣದ ತುದಿಯಲ್ಲಿ ಅದೇ ಹೆಸರಿನ ಬೆಟ್ಟ. ಪೂರ್ವದ ದಡದಲ್ಲಿ, ನ್ಯೂಬರಿ ಎಂಬ ಗ್ರಾಮದ ಎಲ್ಲೆಯೊಳಗೆ, ನಾವು ಅರಸಿಕೊಂಡು ಹೋದ ಮನೆ. ಅದರ ಹೆಸರು ‘ದಿ ಫೆಲ್ಸ್’. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಡೆಯ ಮಾತಿನಲ್ಲಿ ಅದರ ಅರ್ಥ ಕಲ್ಲುಗುಡ್ಡದ ಹುಲ್ಲುಗಾವಲು.

ಹುಲ್ಲುಗಾವಲು ಈಗಿಲ್ಲ. ಹೆಬ್ಬಾಗಿಲ ಬಳಿ ಕಾರು ನಿಲ್ಲಿಸಿ ನಡೆದುಹೋಗುವಾಗ ಇಕ್ಕೆಲದಲ್ಲೂ ಎತ್ತರದ ಮರಗಳು. ಆ ಮರಗಳ ನಡುವೆ, ಯಾರಿಗೂ ಬೇಡವಾದ ಎಲ್ಲೆಗಳನ್ನು ಇನ್ನೂ ಕಾಯುತ್ತ, ಸೊಂಟದೆತ್ತರದ ಕಲ್ಲುಗೋಡೆಗಳು ಕಾಡಿನೊಳಕ್ಕೆ ಹೋಗಿ ಮರೆಯಾಗುತ್ತವೆ. “ಕಾಡಿನಲ್ಲಿ ಗೋಡೆ ಯಾರಿಗೆ?” ಎಂದು ಮಗಳು ಕೇಳಿದಳು. ಇದೆಲ್ಲ ಒಂದು ಕಾಲಕ್ಕೆ ಬೇಸಾಯದ ಭೂಮಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೆರಿನೋ ಕುರಿಗಳ ಉಣ್ಣೆಗೆ ಬಂದ ಬೆಲೆಯನ್ನು ನಂಬಿ ಇಲ್ಲಿಯ ರೈತರು ಬೆಟ್ಟಗಳ ನೆತ್ತಿಯವರೆಗೂ ಕಾಡು ಕಡಿದರು. ಹಿಮನದಿಗಳು ತಂದು ಸುರಿದ ಕಲ್ಲು ನೆಲದ ತುಂಬ. ಆರಿಸಿ ತೆಗೆದ ಕಲ್ಲೇ ಗೋಡೆಯಾಯಿತು. ಆಮೇಲೆ ಉಣ್ಣೆಯ ಬೆಲೆ ಬಿತ್ತು. ಪಶ್ಚಿಮದಲ್ಲಿ ಕಲ್ಲಿಲ್ಲದ ಕರಿನೆಲ ಎಕರೆಗಟ್ಟಲೆ ಸಿಗತೊಡಗಿತು, ಅಲ್ಲಿಯ ಧಾನ್ಯವನ್ನು ರೈಲು ಅಗ್ಗವಾಗಿ ಪೂರ್ವಕ್ಕೆ ತಂದು ಹಾಕಿತು. ಅಂತಃಕಲಹಕ್ಕೆ ಹೋದ ಮಕ್ಕಳಲ್ಲಿ ಸತ್ತವರು ಸತ್ತರು. ಉಳಿದವರಲ್ಲಿ ಹಲವರು ಕಲ್ಲು ಆರಿಸುವುದಕ್ಕಾಗಿ ಊರಿಗೆ ಮರಳಲಿಲ್ಲ. 1890ರ ಸುಮಾರಿಗೆ ಪಾಳುಬಿದ್ದ ಹೊಲಮನೆಗಳ ಪಟ್ಟಿಯನ್ನು ಸಂಸ್ಥಾನದ ಸರ್ಕಾರವೇ ಅಚ್ಚುಮಾಡಿಸಿ, ಬೇಸಗೆಮನೆ ಕಟ್ಟಿಕೊಳ್ಳಬಯಸುವ ಪಟ್ಟಣದ ಶ್ರೀಮಂತರನ್ನು ಕರೆಯುವ ಸ್ಥಿತಿ ಬಂದಿತು. ಅಂಥ ಹಲವು ಹೊಲಗಳನ್ನು ಒಂದೊಂದಾಗಿ ಕೊಂಡು, ಸುಮಾರು ಸಾವಿರ ಎಕರೆ ಒಟ್ಟುಮಾಡಿದವನು ಜಾನ್. ಕ್ಲೀವ್‌ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಹ್ಯಾಮಂಡನು ಹಾಕಿದ ನಕ್ಷೆಯಂತೆ 1891ರಲ್ಲಿ ಮನೆ ಎದ್ದಿತು. 1897ರಲ್ಲಿ ಅದನ್ನು ವಿಸ್ತರಿಸಿದರು.

ಒಬ್ಬ ಗುಮಾಸ್ತನಿಗೆ ಸಾವಿರ ಎಕರೆ ಎಲ್ಲಿಂದ ಬಂದಿತೆಂದು ಓದುಗರು ಕೇಳಬಹುದು. ಆ ಕಥೆಗೆ ಬರುವ ಮುನ್ನ ಗುಮಾಸ್ತಗಿರಿಯನ್ನು ಹೇಳಬೇಕು.

1838ರಲ್ಲಿ ಇಂಡಿಯಾನಾ ಸಂಸ್ಥಾನದ ಸೇಲಂ ಎಂಬಲ್ಲಿ ಜಾನನ ಜನನ. ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಕವಿಯಾಗುವ ಹಂಬಲ ಹೊತ್ತು ಊರಿಗೆ ಬಂದವನನ್ನು ಮನೆಯವರು ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ಚಿಕ್ಕಪ್ಪನ ವಕೀಲಿ ಕಚೇರಿಗೆ ಕಾನೂನು ಕಲಿಯಲು ಹಾಕಿದರು. ಪಕ್ಕದ ಕಚೇರಿ ಲಿಂಕನ್ನನದು. 1860ರ ಚುನಾವಣೆಯಲ್ಲಿ ಲಿಂಕನ್ ಗೆದ್ದಾಗ ಅವನ ಕಾರ್ಯದರ್ಶಿಯಾಗಿದ್ದ ಜಾನ್ ನಿಕೊಲೇ ತನ್ನ ಗೆಳೆಯನಾದ ಈ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗೋಣವೆಂದನು. ಕಾನೂನಿನ ಪ್ರಕಾರ ಅಧ್ಯಕ್ಷನಿಗೆ ಒಬ್ಬನೇ ಕಾರ್ಯದರ್ಶಿ. ಆದುದರಿಂದ ಜಾನನನ್ನು ಪಿಂಚಣಿ ಇಲಾಖೆಯಲ್ಲಿ ವರ್ಷಕ್ಕೆ 1,600 ಡಾಲರಿನ ಗುಮಾಸ್ತನೆಂದು ನೇಮಿಸಿ, ಶ್ವೇತಭವನಕ್ಕೆ ಎರವಲು ಕೊಟ್ಟರು. ಲೆಕ್ಕ ಒಂದು ಇಲಾಖೆಯಲ್ಲಿ, ಕೆಲಸ ಇನ್ನೊಂದರಲ್ಲಿ! ಕಚೇರಿಗಳ ರೀತಿ ಎಲ್ಲ ದೇಶಗಳಲ್ಲೂ ಒಂದೇ ಎಂದು ನನಗೆ ನಗು ಬಂದಿತು.

ಆ ನಾಲ್ಕು ವರ್ಷಗಳ ಅವನ ದಿನಚರಿ ಇಂದು ಲಿಂಕನ್ನನ ಕುರಿತ ಅಮೂಲ್ಯ ಸಾಕ್ಷ್ಯಗಳಲ್ಲೊಂದು. 1864ರ ವಸಂತದ ಒಂದು ನಡುರಾತ್ರಿಯ ಪ್ರಸಂಗ ಅದರಲ್ಲಿದೆ. ಕಾರ್ಯದರ್ಶಿಗಳಿಬ್ಬರೂ ಇನ್ನೂ ಎಚ್ಚರವಾಗಿದ್ದಾರೆ. ಲಿಂಕನ್ ಕೈಯಲ್ಲೊಂದು ವಿನೋದದ ಪುಸ್ತಕ ಹಿಡಿದು, ಅದರಲ್ಲಿದ್ದ ಚಿತ್ರವೊಂದನ್ನು ತೋರಿಸಲೆಂದು ಮಲಗುವ ಗಿಡ್ಡ ಅಂಗಿಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಾನೆ. ಉದ್ದನೆಯ ಬರಿಗಾಲುಗಳ ಮೇಲೆ ಅಂಗಿ ಹಿಂದಕ್ಕೆ ಉಬ್ಬಿ, ಆತನು ದೊಡ್ಡದೊಂದು ಉಷ್ಟ್ರಪಕ್ಷಿಯಂತೆ ಕಾಣುತ್ತಾನೆ. ತನ್ನ ರೂಪದ ಕಡೆಗೆ ಅವನಿಗೆ ಗಮನವೇ ಇಲ್ಲ. ದೇಶ ಹೋಳಾಗಿ ಸಾವಿರಾರು ಜನ ಸಾಯುವ ಕಾಲದಲ್ಲಿ, ಒಂದು ನಗೆಯನ್ನು ಒಬ್ಬನೇ ನಗಲಾರದೆ ಗುಮಾಸ್ತರ ಬಾಗಿಲಿಗೆ ಬಂದ ಅಧ್ಯಕ್ಷನನ್ನು ಈ ತರುಣನು ಪ್ರೀತಿಸಿದನು. ಆ ಪ್ರೀತಿ ಮಾತ್ರ ಅವನ ಬಾಳಿನಲ್ಲಿ ಕಡೆಯವರೆಗೂ ಬದಲಾಗಲಿಲ್ಲವೆಂದು ನನಗೆ ತೋರುತ್ತದೆ.

ಬರೆವಣಿಗೆಯಲ್ಲಿ ಯಾರದು ಎಷ್ಟು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಯುದ್ಧದಲ್ಲಿ ಐದು ಮಕ್ಕಳನ್ನು ಕಳೆದುಕೊಂಡಳೆಂದು ತಿಳಿದ ಬಿಕ್ಸ್‌ಬಿ ಎಂಬ ವಿಧವೆಗೆ 1864ರ ನವೆಂಬರಿನಲ್ಲಿ ಹೋದ ಸಾಂತ್ವನದ ಪತ್ರವನ್ನು ಲಿಂಕನ್ನನ ಗದ್ಯದ ಶಿಖರಗಳಲ್ಲೊಂದೆಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ವಾಸ್ತವದಲ್ಲಿ ಸತ್ತವರು ಇಬ್ಬರೇ ಎಂದು ಅನಂತರ ತಿಳಿಯಿತು. ಪತ್ರದ ಮೂಲಪ್ರತಿ ಉಳಿದಿಲ್ಲ. ಅದನ್ನು ಬರೆದವನು ಜಾನನೇ ಎಂದು ಹಲವು ವಿದ್ವಾಂಸರ ಮತ. ಈಚಿನ ವರ್ಷಗಳಲ್ಲಿ ಇಬ್ಬರ ಶೈಲಿಯನ್ನೂ ಗಣಕಯಂತ್ರದಿಂದ ತೂಗಿ ನೋಡಿದ ಭಾಷಾವಿಜ್ಞಾನಿಗಳೂ ತಕ್ಕಡಿ ಜಾನನ ಕಡೆಗೇ ತೂಗುತ್ತದೆ ಎಂದಿದ್ದಾರೆ. ನನ್ನ ಮಟ್ಟಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ವರ್ಷ ಒಬ್ಬರ ಪರವಾಗಿ ಬರೆದವನ ಕೈಗೆ ಅವರ ದನಿ ಹತ್ತುತ್ತದೆ. ತನ್ನ ದನಿ ಯಾವುದೆಂಬುದು ಅವನಿಗೇ ಮರೆತುಹೋಗುತ್ತದೆ.

1865ರ ಏಪ್ರಿಲ್ 15ರ ಬೆಳಗ್ಗೆ, ನಾಟಕಶಾಲೆಯ ಎದುರಿನ ಮನೆಯ ಕಿರುಕೋಣೆಯಲ್ಲಿ ಲಿಂಕನ್ನನ ಉಸಿರು ನಿಂತಾಗ ಜಾನನು ಅಲ್ಲಿದ್ದನು. ಆಗ ಅವನಿಗೆ ಇಪ್ಪತ್ತಾರು ವರ್ಷ. ಮುಂದೆ ನಲವತ್ತು ವರ್ಷ ಬದುಕಿದನು.

ಆ ನಲವತ್ತರಲ್ಲಿ ಮೊದಲ ಭಾಗವನ್ನು ಬೇಗ ದಾಟಬಹುದು. ಪ್ಯಾರಿಸ್, ವಿಯೆನ್ನಾ, ಮ್ಯಾಡ್ರಿಡ್‌ಗಳಲ್ಲಿ ರಾಯಭಾರ ಕಚೇರಿಯ ಕೆಲಸ, ಹಳ್ಳಿಗಾಡಿನ ಆಡುಮಾತಿನ ಲಾವಣಿಗಳಿಂದ ಬಂದ ಕೀರ್ತಿ, ನ್ಯೂಯಾರ್ಕಿನಲ್ಲಿ ಪತ್ರಿಕಾವೃತ್ತಿ. 1874ರಲ್ಲಿ ಕ್ಲೀವ್‌ಲೆಂಡಿನ ರೈಲ್ವೆ ಧನಿಕ ಅಮಾಸಾ ಸ್ಟೋನನ ಮಗಳು ಕ್ಲಾರಾಳನ್ನು ಮದುವೆಯಾದನು. ಸಾವಿರ ಎಕರೆಯ ಮೂಲ ಇಲ್ಲಿದೆ. ಈ ಮಾವನು ತನ್ನ ಎಂಜಿನಿಯರರ ಮಾತನ್ನು ಮೀರಿ ಕಟ್ಟಿಸಿದ ಕಬ್ಬಿಣದ ಸೇತುವೆಯೊಂದು 1876ರ ಡಿಸೆಂಬರಿನ ಹಿಮಪಾತದ ರಾತ್ರಿ ಆಷ್ಟಬ್ಯೂಲಾ ಎಂಬಲ್ಲಿ ಕುಸಿದು, ರೈಲಿನಲ್ಲಿದ್ದ ಸುಮಾರು 92 ಮಂದಿ ಸತ್ತರು. ಆರು ವರ್ಷ ಕಳೆದ ಮೇಲೆ ಸ್ಟೋನನು ತನ್ನ ಪ್ರಾಣ ತಾನೇ ತೆಗೆದುಕೊಂಡನು. ಮಗಳಿಗೂ ಅಳಿಯನಿಗೂ ಬಂದ ಆಸ್ತಿ ಲಕ್ಷಗಟ್ಟಲೆ ಡಾಲರಿನದು. ಸರೋವರದ ದಡದ ಮನೆಯ ಚೆಲುವನ್ನು ಹೊಗಳುವವರು ಈ ಸೇತುವೆಯನ್ನು ನೆನೆಯುವುದು ಅಪರೂಪ. ಆಗತಾನೆ ಧನಿಕನಾದ ಜಾನನು ಕಾರ್ಮಿಕರ ಮುಷ್ಕರಗಳನ್ನು ಕಂಡು ಬೆದರಿ, ಅವರನ್ನು ಹಳಿದು ಒಂದು ಕಾದಂಬರಿಯನ್ನೂ ಬರೆದನು. ಹೆಸರು ಹಾಕದೆ ಪ್ರಕಟಿಸಿ, ಬದುಕಿರುವವರೆಗೂ ಅದು ತನ್ನದೆಂದು ಒಪ್ಪಲಿಲ್ಲ. ಮರದ ದಿಮ್ಮಿಯ ಗುಡಿಸಲಿನವನ ಕಾರ್ಯದರ್ಶಿಗೆ ಇದು ಶೋಭಿಸುವ ಮಾತಲ್ಲ. ಹೆಸರು ಮುಚ್ಚಿಟ್ಟುಕೊಂಡದ್ದರಲ್ಲಿ ಅವನಿಗೂ ಅದು ಗೊತ್ತಿತ್ತೇನೋ ಎಂದು ಅನುಮಾನ.

ಈ ಅವಧಿಯ ಸಾರ್ಥಕ ಕೆಲಸವೆಂದರೆ ನಿಕೊಲೇಯೊಡನೆ ಬರೆದ ಲಿಂಕನ್ನನ ಜೀವನಚರಿತ್ರೆ. ಮಗ ರಾಬರ್ಟ್ ಲಿಂಕನ್ ತಂದೆಯ ಕಾಗದಪತ್ರಗಳನ್ನು ಇವರಿಬ್ಬರಿಗೆ ಮಾತ್ರ ಒಪ್ಪಿಸಿದ್ದನು. ‘ಸೆಂಚುರಿ’ ಮಾಸಪತ್ರಿಕೆ ಧಾರಾವಾಹಿಯ ಹಕ್ಕಿಗೆಂದು 50,000 ಡಾಲರ್ ಕೊಟ್ಟಿತು. 1890ರಲ್ಲಿ ಹತ್ತು ಸಂಪುಟಗಳಾಗಿ ಅದು ಹೊರಬಂದಿತು. ಸನಪೀ ದಡದ ಮನೆ ಎದ್ದುದು ಅದರ ಮರುವರ್ಷ. ಹತ್ತಾರು ವರ್ಷದ ಋಣ ತೀರಿಸಿದವನು ವಿಶ್ರಾಂತಿಗೆ ಜಾಗ ಹುಡುಕಿದಂತೆ ಇದು ನನಗೆ ಕಾಣುತ್ತದೆ.

ಮನೆಯ ಹಿಂದುಗಡೆ ನಿಂತರೆ ನೆಲ ಇಳಿಯುತ್ತ ಇಳಿಯುತ್ತ ನೀರಿಗೆ ಹೋಗುತ್ತದೆ. ಆಚೆ ಬೆಟ್ಟದ ನೀಲಿ. ಅರಮನೆಯ ಬೆಡಗು ಇಲ್ಲಿಲ್ಲ. ಅಗಲವಾದ ಜಗಲಿ, ಬಾಗಿದ ಮಾಡು, ಬಿಳಿಯ ಕಂಬಗಳು. ಇಲ್ಲಿ ತನ್ನ ಸ್ನೇಹಿತರೂ ಬಂದು ಸುತ್ತಮುತ್ತ ಮನೆ ಕಟ್ಟಿಕೊಂಡರೆ ಹೇಗೆಂಬ ಆಸೆ ಜಾನನಿಗಿತ್ತು. ಅದು ಕೈಗೂಡಲಿಲ್ಲ. ಆ ಸ್ನೇಹವಲಯ ಅಮೆರಿಕದ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧ: ಇತಿಹಾಸಕಾರ ಹೆನ್ರಿ ಆಡಮ್ಸ್, ಅವನ ಪತ್ನಿ ಕ್ಲೋವರ್, ಭೂವಿಜ್ಞಾನಿ ಕ್ಲಾರೆನ್ಸ್ ಕಿಂಗ್, ಜಾನ್ ಮತ್ತು ಕ್ಲಾರಾ. ಇಸ್ಪೀಟಿನ ಎಲೆಯ ಹೆಸರಿನಲ್ಲಿ ತಮ್ಮನ್ನು ‘ಹೃದಯದ ಐವರು’ ಎಂದು ಕರೆದುಕೊಳ್ಳುತ್ತಿದ್ದರು. 1885ರಲ್ಲಿ ಕ್ಲೋವರ್ ಆತ್ಮಹತ್ಯೆ ಮಾಡಿಕೊಂಡ ಮೇಲೆ ಆಡಮ್ಸ್ ಊರೂರು ಅಲೆದನು. 1891ರಲ್ಲಿ ಸಿಂಹಳಕ್ಕೆ ಬಂದು ಅನುರಾಧಪುರದ ಬೋಧಿವೃಕ್ಷದ ಕೆಳಗೆ ಕುಳಿತು ಹೋದ ಮೇಲೆ, ಬುದ್ಧನನ್ನೂ ಬ್ರಹ್ಮವನ್ನೂ ಕುರಿತು ಅವನೊಂದು ಕವಿತೆ ಬರೆದನು. ಪ್ರಶ್ನೆ ಕೇಳಿದ ಶಿಷ್ಯನಿಗೆ ಬುದ್ಧ ಮೌನದಿಂದ ಉತ್ತರ ಕೊಡುತ್ತಾನೆ. ಲೋಕವ್ಯವಹಾರದ ಬಾಳಿಗೂ ಧ್ಯಾನದ ಬಾಳಿಗೂ ಇರುವ ನಂಟೇನೆಂಬುದು ಅದರ ವಿಷಯ. ಅಚ್ಚಿಗೆ ಕೊಡದೆ ಅದನ್ನು 1895ರಲ್ಲಿ ಆಡಮ್ಸ್ ಕಳಿಸಿಕೊಟ್ಟದ್ದು ಜಾನನಿಗೆ. ನಮ್ಮ ಕಡೆಯ ಚಿಂತನೆಯ ಒಂದು ಎಳೆ ಹೀಗೆ ಈ ಸ್ನೇಹದೊಳಗೂ ಬಂದು ಸೇರಿದುದನ್ನು ಓದಿ ನನಗೆ ಹಿತವಾಯಿತು. ಆದರೆ ಕವಿತೆ ಕೈಸೇರಿದ ಎರಡೇ ವರ್ಷಗಳಲ್ಲಿ ಜಾನನು ಲೋಕವ್ಯವಹಾರದ ಕಡೆಗೆ ಪೂರ್ತಿ ತಿರುಗಿಬಿಟ್ಟನು.

1897ರಲ್ಲಿ ಅಧ್ಯಕ್ಷ ಮೆಕಿನ್ಲಿ ಆತನನ್ನು ಲಂಡನ್ನಿಗೆ ರಾಯಭಾರಿಯಾಗಿ ಕಳಿಸಿದನು. ಮರುವರ್ಷ ಪರರಾಷ್ಟ್ರ ಮಂತ್ರಿಯಾಗಿ ಕರೆಸಿಕೊಂಡನು. ಸಾಯುವವರೆಗೂ ಆ ಸ್ಥಾನದಲ್ಲೇ ಇದ್ದನು. ನಮ್ಮಂಥ ದೇಶದವರಿಗೆ ಅವನನ್ನು ಮೆಚ್ಚುವುದು ಕಷ್ಟವಾಗುವುದು ಇಲ್ಲಿಯೇ. ಸ್ಪೇನಿನ ಮೇಲಿನ 1898ರ ಯುದ್ಧವನ್ನು ಸೊಗಸಾದ ಪುಟ್ಟ ಯುದ್ಧವೆಂದು ಆತನು ರೂಸ್‌ವೆಲ್ಟನಿಗೆ ಬರೆದ ಪತ್ರದಲ್ಲಿ ಕೊಂಡಾಡಿದ್ದಾನೆ. ಆ ಯುದ್ಧದ ಸಂಧಿಯಲ್ಲಿ 2 ಕೋಟಿ ಡಾಲರಿಗೆ ಫಿಲಿಪ್ಪೀನ್ಸ್ ಅಮೆರಿಕದ ವಶವಾಯಿತು. ಸ್ವಾತಂತ್ರ್ಯ ಬೇಕೆಂದ ಫಿಲಿಪಿನೋ ಜನರ ಮೇಲೆ 1899ರಿಂದ ಮೂರು ವರ್ಷ ಸೈನ್ಯ ನಡೆಯಿತು. 1903ರ ನವೆಂಬರ್ 18ರ ಸಂಜೆ ಪನಾಮಾ ಕಾಲುವೆಯ ಒಪ್ಪಂದಕ್ಕೆ ರುಜು ಬಿದ್ದುದು ಜಾನನ ಮನೆಯಲ್ಲಿ. ಪನಾಮಾದ ಪರವಾಗಿ ರುಜು ಹಾಕಿದವನು ಒಬ್ಬ ಫ್ರೆಂಚನು. ಆ ದೇಶದ ಪ್ರತಿನಿಧಿಗಳು ರೈಲಿನಿಂದ ಇಳಿಯುವ ಹೊತ್ತಿಗೆ ಕೆಲಸ ಮುಗಿದಿತ್ತು. ಹತ್ತು ಮೈಲಿ ಅಗಲದ ನೆಲ ಅಮೆರಿಕಕ್ಕೆ ಶಾಶ್ವತವಾಗಿ ಸಂದಿತು. ಆ ಶಾಶ್ವತ 1999ರ ಡಿಸೆಂಬರ್ 31ರಂದು ಮುಗಿಯಿತೆಂಬುದು ಬೇರೆ ಮಾತು. ಚೀನಾವನ್ನು ಯೂರೋಪಿನ ರಾಜ್ಯಗಳು ಹರಿದು ಹಂಚಿಕೊಳ್ಳಬಾರದು, ವ್ಯಾಪಾರದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು 1899ರಲ್ಲಿ ಆತನು ಬರೆದ ಪತ್ರಗಳು ಹೆಸರಾದವು. ಚೀನೀಯರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಗುಲಾಮರ ಸಂಕಲೆ ಕಳಚಿದವನ ಬದಿಯಲ್ಲಿ ಕುಳಿತು ಬರೆಯುವುದನ್ನು ಕಲಿತ ಕೈ ಇಂಥ ಕಾಗದಗಳನ್ನು ಬರೆದುದು ಹೇಗೆ? ಮನೆಯೊಳಗಿನ ಕೋಣೆಗಳನ್ನು ನೋಡುತ್ತಿದ್ದಷ್ಟು ಹೊತ್ತೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಜಮಾನ ಬದಲಾದಂತೆ ಲೇಖಣಿಯ ದನಿ ಬದಲಾಗುತ್ತದೆ ಎನ್ನೋಣವೆಂದರೆ, ಪರರಾಷ್ಟ್ರ ಮಂತ್ರಿ ಗುಮಾಸ್ತನಲ್ಲ. ಆದರೂ ಒಂದು ಅಧಿಕಾರದ ನಡುವೆ ಬಹಳ ದಿನ ಇದ್ದವನಿಗೆ ಅದರ ಹಸಿವೇ ನೀತಿಯಾಗಿ ಕಾಣತೊಡಗುವುದನ್ನು ನಾನು ಎಷ್ಟೋ ಸಣ್ಣ ಪ್ರಮಾಣದಲ್ಲಿ ಕಂಡಿದ್ದೇನೆ. ನಾನೂ ಬರೆಯಬಾರದ ಒಂದೆರಡು ಕರಡುಗಳನ್ನು ಬರೆದಿದ್ದೇನೆ.

1900ರ ಆಗಸ್ಟಿನಲ್ಲಿ ಪೀಕಿಂಗಿನ ರಾಯಭಾರ ಕಚೇರಿಗಳು ಬಾಕ್ಸರ್ ದಂಗೆಕೋರರ ಮುತ್ತಿಗೆಗೆ ಸಿಕ್ಕಿದ್ದಾಗ ಜಾನನು ಕಾಯಿಲೆ ಬಿದ್ದು ಇಲ್ಲಿಗೆ ಬಂದಿದ್ದನು. ವಾಷಿಂಗ್ಟನ್ನಿನಲ್ಲಿ ಕಚೇರಿಯನ್ನು ಅವನ ಸಹಾಯಕ ಅಡೀ ನಡೆಸಿದನು. ಹೃದಯದ ನೋವು, ಬೆನ್ನಿನ ನೋವು, ತನ್ನ ಸಂಧಿಪತ್ರಗಳನ್ನೆಲ್ಲ ತಿದ್ದುವ ಸೆನೆಟ್ ಸಭೆಯ ಮೇಲಿನ ಸಿಟ್ಟು. ರಾಜೀನಾಮೆಯನ್ನೂ ಒಮ್ಮೆ ಕೊಟ್ಟನು. ಮೆಕಿನ್ಲಿ ಅದನ್ನು ಹಿಂದಿರುಗಿಸಿದನು.

ಆಮೇಲೆ 1901 ಬಂದಿತು. ಹಿರಿಯ ಮಗ ಅಡೆಲ್ಬರ್ಟ್ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬೋಯರ್ ಯುದ್ಧದ ಕಾಲಕ್ಕೆ ಅಮೆರಿಕದ ಕಾನ್ಸಲ್ ಆಗಿದ್ದು ಒಳ್ಳೆಯ ಹೆಸರು ತಂದವನು. ಊರಿಗೆ ಮರಳಿದವನನ್ನು ಮೆಕಿನ್ಲಿ ತನ್ನ ಸಹಾಯಕ ಕಾರ್ಯದರ್ಶಿಯಾಗಿ ಆರಿಸಿಕೊಂಡನು. ತಂದೆ ಲಿಂಕನ್ನನ ಬಳಿ ಹಿಡಿದಿದ್ದ ಕೆಲಸವೇ ಮಗನಿಗೂ! ಯಾವ ತಂದೆಗಾದರೂ ಇದಕ್ಕಿಂತ ದೊಡ್ಡ ಸಂತೋಷವುಂಟೇ? ಕೆಲಸಕ್ಕೆ ಸೇರುವ ಮೊದಲು ಹಳೆಯ ಸಹಪಾಠಿಗಳ ಕೂಟಕ್ಕೆಂದು ಆತನು ನ್ಯೂ ಹೇವನ್ ನಗರಕ್ಕೆ ಹೋದನು. ಜೂನ್ 23ರ ಬೆಳಗಿನ ಜಾವ ಹೋಟೆಲಿನ ಕಿಟಕಿಯಿಂದ ಕೆಳಗಿನ ಬೀದಿಗೆ ಬಿದ್ದು ತೀರಿಕೊಂಡನು. ಅವನಿಗೆ ಇಪ್ಪತ್ತನಾಲ್ಕು. ಸೆಪ್ಟೆಂಬರಿನಲ್ಲಿ ಮೆಕಿನ್ಲಿಗೆ ಗುಂಡು ತಗುಲಿತು. ಅದೇ ತಿಂಗಳು ನಿಕೊಲೇ ಕಣ್ಮುಚ್ಚಿದನು. ಡಿಸೆಂಬರಿನಲ್ಲಿ ಕ್ಲಾರೆನ್ಸ್ ಕಿಂಗ್.

ಲಿಂಕನ್, ಗಾರ್‌ಫೀಲ್ಡ್, ಮೆಕಿನ್ಲಿ: ಕೊಲೆಯಾದ ಈ ಮೂವರು ಅಧ್ಯಕ್ಷರಿಗೂ ಜಾನ್ ಆಪ್ತನು. ಮೆಕಿನ್ಲಿಯ ಸ್ಥಾನಕ್ಕೆ ಉಪಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಂದಮೇಲೆ ಉಪಾಧ್ಯಕ್ಷ ಸ್ಥಾನ ಖಾಲಿ ಉಳಿಯಿತು. ಅಂದಿನ ಕಾನೂನಿನಂತೆ, 1905ರ ಮಾರ್ಚಿಯವರೆಗೂ, ಅಧ್ಯಕ್ಷನಿಗೆ ಏನಾದರೂ ಆದರೆ ಆ ಗದ್ದುಗೆ ಏರಬೇಕಾದವನು ಪರರಾಷ್ಟ್ರ ಮಂತ್ರಿ. ಮೂರೂವರೆ ವರ್ಷ, ಮೂವರ ಸಾವನ್ನು ಕಂಡ ರೋಗಿಯೊಬ್ಬನು, ಆ ಒಂದು ಮೆಟ್ಟಿಲಿನ ಕೆಳಗೆ ನಿಂತಿದ್ದನು.

ರೂಸ್‌ವೆಲ್ಟ್ 1902ರ ಆಗಸ್ಟಿನಲ್ಲಿ ಈ ಮನೆಗೆ ಬಂದು ಒಂದು ಮೇಪಲ್ ಸಸಿ ನೆಟ್ಟನು. ಆ ವರ್ಷವೇ ಹೆಣ್ಣುಮಕ್ಕಳಿಬ್ಬರ ಮದುವೆಯೂ ಆಯಿತು. ಮಗನು ಹೋದ ಮೇಲೆ ಈ ಮನೆಯಲ್ಲಿ ಒಂದಿಷ್ಟು ಗದ್ದಲವಿದ್ದುದು ಆಗಲೇ ಇರಬೇಕು.

1905ರ ಮಾರ್ಚಿಯಲ್ಲಿ ರೂಸ್‌ವೆಲ್ಟ್ ಸ್ವಂತ ಬಲದಿಂದ ಗೆದ್ದು ಪ್ರಮಾಣವಚನ ಸ್ವೀಕರಿಸಬೇಕಾಗಿದ್ದ ಹಿಂದಿನ ದಿನ ಜಾನನು ಅವನಿಗೊಂದು ಉಂಗುರ ಕಳಿಸಿದನು. ಅದರೊಳಗೆ ಲಿಂಕನ್ ತೀರಿಕೊಂಡ ಸಮಯದಲ್ಲಿ ವೈದ್ಯನೊಬ್ಬನು ಕತ್ತರಿಸಿಟ್ಟಿದ್ದ ಕೂದಲಿತ್ತು. ರೂಸ್‌ವೆಲ್ಟ್ ಅದನ್ನು ತೊಟ್ಟೇ ಪ್ರಮಾಣ ಮಾಡಿದನು. ಎರಡು ವಾರದ ಮೇಲೆ ಜಾನನು ಹೆನ್ರಿ ಆಡಮ್ಸನ ಜೊತೆಯಲ್ಲಿ ಚಿಕಿತ್ಸೆಗೆಂದು ಯೂರೋಪಿಗೆ ಹಡಗು ಹತ್ತಿದನು. ಜರ್ಮನಿಯ ಬಾದ್ ನೌಹೈಮಿನ ಖನಿಜಸ್ನಾನಗಳು ಹೃದ್ರೋಗಕ್ಕೆ ಆಗ ಪ್ರಸಿದ್ಧವಾಗಿದ್ದವು. ಪ್ರಯೋಜನ ಹೆಚ್ಚೇನೂ ಆಗಲಿಲ್ಲ.

ಮರಳುವಾಗ ಹಡಗಿನಲ್ಲಿ, ಜೂನ್ ಮಧ್ಯದ ಒಂದು ರಾತ್ರಿ, ಅವನಿಗೊಂದು ಕನಸು ಬಿದ್ದಿತು. ಬೆಳಗ್ಗೆ ಎದ್ದು ದಿನಚರಿಯಲ್ಲಿ ಬರೆದಿಟ್ಟನು. ನಾನು ಈ ಲೇಖನ ಬರೆಯಲು ಕಾರಣ ಆ ಕನಸೇ. ತಾನು ಶ್ವೇತಭವನಕ್ಕೆ ಅಧ್ಯಕ್ಷನನ್ನು ಕಾಣಲು ಹೋದಂತೆ. ಹೋಗಿ ನೋಡಿದರೆ ಅಧ್ಯಕ್ಷನು ಲಿಂಕನ್ ಆಗಿದ್ದಂತೆ. ಲಿಂಕನ್ ಪ್ರೀತಿಯಿಂದ ಬರಮಾಡಿಕೊಂಡು, ಕಾಯಿಲೆಯ ವಿಷಯಕ್ಕೆ ಕನಿಕರಪಟ್ಟನಂತೆ. ಸದ್ಯಕ್ಕೆ ಮಹತ್ವದ ಕೆಲಸವೇನೂ ಇಲ್ಲವೆಂದು ಹೇಳಿ, ಉತ್ತರ ಬರೆಯಲೆಂದು ಎರಡು ಸಾಮಾನ್ಯ ಕಾಗದಗಳನ್ನು ಕೈಗೆ ಕೊಟ್ಟನಂತೆ. ಅಷ್ಟು ಸಣ್ಣ ಅಪ್ಪಣೆಯನ್ನಾದರೂ ನಡೆಸುವ ಶಕ್ತಿ ತನಗಿದೆಯಲ್ಲಾ ಎಂದು ಜಾನನಿಗೆ ಸಂತೋಷವಾಯಿತಂತೆ. ಲಿಂಕನ್ ಅಲ್ಲಿರುವುದು ಆಶ್ಚರ್ಯವೆಂದೇ ತೋರಲಿಲ್ಲವಂತೆ. ಆದರೆ ಇಡೀ ಕನಸಿನ ಮೇಲೆ ತಾಳಲಾರದ ವಿಷಾದ ಕವಿದಿತ್ತೆಂದು ಬರೆದಿದ್ದಾನೆ.

ಕನಸಿನ ಅರ್ಥ ಬಿಡಿಸುವ ಶಾಸ್ತ್ರ ನನಗೆ ತಿಳಿಯದು. ಅರವತ್ತಾರು ವರ್ಷದ, ಸಾಮ್ರಾಜ್ಯಗಳೊಡನೆ ಸಮಸಮನಾಗಿ ಪತ್ರವ್ಯವಹಾರ ಮಾಡಿದ ಮಂತ್ರಿ ಕನಸಿನಲ್ಲಿ ಮತ್ತೆ ಎರಡನೆಯ ಗುಮಾಸ್ತನಾಗಿದ್ದಾನೆ. ಚೀನಾ, ಪನಾಮಾ, ಫಿಲಿಪ್ಪೀನ್ಸ್ ಯಾವುದೂ ಅಲ್ಲಿಲ್ಲ. ಆ ಯಜಮಾನನು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಇವನು ಏನೆನ್ನುತ್ತಿದ್ದನೋ! ನಾನು ನಿವೃತ್ತನಾಗುವ ಹಿಂದಿನ ವರ್ಷ ಕಾಯಿಲೆ ಬಿದ್ದು ಕಚೇರಿಗೆ ಮರಳಿದಾಗ, ನಮ್ಮ ಅಧಿಕಾರಿಗಳು ಭಾರದ ಕಡತಗಳನ್ನೆಲ್ಲ ಬೇರೆಯವರಿಗೆ ಹಂಚಿ, ನನ್ನ ಮೇಜಿನ ಮೇಲೆ ಸ್ವೀಕೃತಿ ಪತ್ರಗಳೆರಡನ್ನು ಮಾತ್ರ ಇಟ್ಟಿದ್ದರು. ಅದು ಕರುಣೆಯೆಂದು ಗೊತ್ತಿತ್ತು. ಬರೆದು ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತು.

ಹಡಗಿಳಿದವನು ವೈದ್ಯರ ಮಾತು ಮೀರಿ ವಾಷಿಂಗ್ಟನ್ನಿಗೆ ಹೋಗಿ ಕೆಲವು ದಿನ ಕಾಗದಪತ್ರ ನೋಡಿದನು. ಜೂನ್ 24ರಂದು ಅಲ್ಲಿಂದ ಹೊರಟು ಸನಪೀಗೆ ಬಂದನು. ಬಂದವನೇ ಹಾಸಿಗೆ ಹಿಡಿದನು. ಜುಲೈ 1ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಈ ಮನೆಯಲ್ಲಿ ಪ್ರಾಣ ಹೋಯಿತು. ಕ್ಲೀವ್‌ಲೆಂಡಿನ ಲೇಕ್ ವ್ಯೂ ಸ್ಮಶಾನದಲ್ಲಿ ಮಗನ ಬಳಿ ಸಮಾಧಿ ಮಾಡಿದರು.

ಕ್ಲಾರಾ ಒಂಬತ್ತು ವರ್ಷ ಬದುಕಿದಳು. ಗಂಡನ ಪತ್ರಗಳನ್ನೂ ದಿನಚರಿಯ ಭಾಗಗಳನ್ನೂ ಆಪ್ತರಿಗಾಗಿ 1908ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದಳು. ಯಾರಿಗೂ ನೋವಾಗಬಾರದೆಂಬ ಸಂಕೋಚದಿಂದ ಹೆಸರುಗಳನ್ನು ತೆಗೆದು ಮೊದಲಕ್ಷರ ಮಾತ್ರ ಉಳಿಸಿದಳು. ಪುಟಪುಟವೂ ಒಗಟಾಯಿತು. ವಿದ್ವಾಂಸರು ಇದಕ್ಕೆ ಅವಳನ್ನು ಹಾಸ್ಯ ಮಾಡಿದ್ದಾರೆ. ನನಗೆ ಹಾಸ್ಯ ಮಾಡಲು ಮನಸ್ಸು ಬರದು.

ಮನೆ ಕಿರಿಯ ಮಗ ಕ್ಲಾರೆನ್ಸನ ಪಾಲಿಗೆ ಬಂದಿತು. ಪುರಾತತ್ತ್ವಜ್ಞನಾದ ಅವನೂ ಅವನ ಪತ್ನಿ ಆಲಿಸಳೂ ಕಲ್ಲುಗಾವಲನ್ನು ಹೂದೋಟವಾಗಿ ಮಾಡಿದರು. ನೀರಿನ ಕಡೆಗೆ ಇಳಿಯುವ ಇಳಿಜಾರಿನಲ್ಲಿ, ಹಿಂದೆ ರೈತರು ಶಪಿಸುತ್ತಿದ್ದ ಬಂಡೆಗಳ ಸಂದುಸಂದಿನಲ್ಲೇ ಬೆಟ್ಟಸೀಮೆಯ ಹೂಗಿಡಗಳನ್ನು ಕ್ಲಾರೆನ್ಸ್ ನೆಟ್ಟು ಬೆಳೆಸಿದನು. ಅವರು 1960ರಲ್ಲಿ 675 ಎಕರೆಯನ್ನು ನ್ಯೂ ಹ್ಯಾಂಪ್‌ಷೈರಿನ ಅರಣ್ಯ ಸಂರಕ್ಷಣ ಸಂಘಕ್ಕೆ ಬಿಟ್ಟುಕೊಟ್ಟರು. ಕ್ಲಾರೆನ್ಸ್ 1969ರಲ್ಲಿ ತೀರಿದ ಮೇಲೆ ಆಲಿಸ್ 1972ರಲ್ಲಿ ಇನ್ನೂ 164 ಎಕರೆಯನ್ನು ವನ್ಯಜೀವಿಗಳಿಗಾಗಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದಳು. ಇವರ ಮಗ, ಅಜ್ಜನ ಹೆಸರೇ ಇಟ್ಟುಕೊಂಡ ಜಾನ್ ಹೇ, ಕೇಪ್ ಕಾಡ್ ಕಡಲತೀರದ ಮೀನು, ಮರಳು, ಹಕ್ಕಿಗಳನ್ನು ಕುರಿತು ಬರೆದು ಪ್ರಕೃತಿಲೇಖಕನೆಂದು ಹೆಸರಾದನು, 2011ರಲ್ಲಿ ತೀರಿಕೊಂಡನು.

ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಂಡೆದೋಟದ ಕೆಳಗಿನ ಕಾಲುದಾರಿಯಲ್ಲಿ ನೀರಿನವರೆಗೂ ಹೋಗಿ ಬರೋಣವೆಂದು ಮಗಳು ಅಂದಳು. ನನ್ನ ಮೊಣಕಾಲು ಒಪ್ಪಲಿಲ್ಲ. ಅವಳೊಬ್ಬಳೇ ಹೋದಳು. ನಾನು ಜಗಲಿಯ ಮೆಟ್ಟಿಲ ಮೇಲೆ ಕುಳಿತು, ಲಿಂಕನ್ ಕೊಟ್ಟ ಆ ಎರಡು ಕಾಗದಗಳು ಯಾರವಿರಬಹುದೆಂದು ಯೋಚಿಸುತ್ತಿದ್ದೆ. ಕೆಲಸ ಕೇಳಿ ಬಂದ ಅರ್ಜಿಯೊಂದು ಇರಬೇಕು. ಇನ್ನೊಂದು, ಮಗನನ್ನು ಕಳೆದುಕೊಂಡ ಯಾರೋ ತಾಯಿಯದು.